ಕಾಲಾ ಘೋಡಾದಿಂದ ಬೈಕುಲಾದವರೆಗೆ: ನಗರದ ಸಾಂಸ್ಕೃತಿಕ ತಾಣಗಳನ್ನು ಉಳಿಸಿದ ಹಲವು ಕೈಗಳು

ಒಂದು ವಸ್ತುಸಂಗ್ರಹಾಲಯವಾಗಲಿ, ಗ್ರಂಥಾಲಯವಾಗಲಿ, ಕಲಾ ಗ್ಯಾಲರಿಯಾಗಲಿ ಕೇವಲ ಒಬ್ಬ ದಾನಿಯ ಔದಾರ್ಯದಿಂದ ಅಥವಾ ಒಬ್ಬ ವಾಸ್ತುಶಿಲ್ಪಿಯ ಪ್ರತಿಭೆಯಿಂದ ಉಳಿದುಬರುವುದಿಲ್ಲ. ಅದರ ಹಿಂದೆ ಇತಿಹಾಸಕಾರರು, ಇಂಜಿನಿಯರುಗಳು, ಕಲಾವಿದರು, ರಸಾಯನಶಾಸ್ತ್ರ ಬಲ್ಲ ಸಂರಕ್ಷಣಾ ತಜ್ಞರು, ಕಾನೂನು ಬಲ್ಲವರು, ಲೆಕ್ಕಪತ್ರ ನೋಡುವವರು ಹಾಗೂ ನಗರಪಾಲಿಕೆಯ ಅಧಿಕಾರಿಗಳು ಒಟ್ಟಾಗಿ ದುಡಿದಿರುತ್ತಾರೆ. ಈ ಮಾತಿಗೆ ನಮ್ಮ ಮುಂಬಯಿ ಮಹಾನಗರದಲ್ಲಿಯೇ ಉತ್ತಮ ನಿದರ್ಶನಗಳಿವೆ. ಅವುಗಳಲ್ಲಿ ಪ್ರಮುಖವಾದ ಎರಡು ತಾಣಗಳ ಪರಿಚಯ ಇಲ್ಲಿದೆ.

ಕಾಲಾ ಘೋಡಾ

ದಕ್ಷಿಣ ಮುಂಬಯಿಯ ಕಾಲಾ ಘೋಡಾ ಎಂಬ ಹೆಸರಿಗೆ ಕಾರಣವಾದದ್ದು ಒಂದು ಕಪ್ಪು ಕುದುರೆಯ ಪ್ರತಿಮೆ. ಮುಂದೆ ಏಳನೆಯ ಎಡ್ವರ್ಡ್ ದೊರೆಯಾದ ರಾಜಕುಮಾರನು ಕುದುರೆಯ ಮೇಲೆ ಕುಳಿತಿರುವ ಈ ಪ್ರತಿಮೆಯನ್ನು ಸರ್ ಆಲ್ಬರ್ಟ್ ಸಸೂನ್ ನಗರಕ್ಕೆ ಕೊಡುಗೆಯಾಗಿ ನೀಡಿದರು. 1879ರಲ್ಲಿ ಅದರ ಪ್ರತಿಷ್ಠಾಪನೆಯಾಯಿತು. 1965ರಲ್ಲಿ ಪ್ರತಿಮೆಯನ್ನು ತೆಗೆದು ಬೈಕುಲಾದ ಉದ್ಯಾನಕ್ಕೆ ಸಾಗಿಸಲಾಯಿತು. ಕುದುರೆ ಹೋದರೂ ಹೆಸರು ಜನರ ಬಾಯಲ್ಲಿ ಉಳಿಯಿತು. 2017ರಲ್ಲಿ ಅಲ್ಲಿಯೇ ಸವಾರನಿಲ್ಲದ ಹೊಸ ಕಪ್ಪು ಕುದುರೆಯನ್ನು ನಿಲ್ಲಿಸಲಾಗಿದೆ.

ಈ ಪರಿಸರದ ಡೇವಿಡ್ ಸಸೂನ್ ಗ್ರಂಥಾಲಯದ ಮೂಲವನ್ನು ಅರಸಿದರೆ 1847ಕ್ಕೆ ಹೋಗಬೇಕಾಗುತ್ತದೆ. ಟಂಕಸಾಲೆ ಹಾಗೂ ಸರಕಾರಿ ಹಡಗುಕಟ್ಟೆಯ ನೌಕರರು ತಮ್ಮ ಜ್ಞಾನಾರ್ಜನೆಗಾಗಿ ಆರಂಭಿಸಿದ ಕೂಟವೇ ಅದಕ್ಕೆ ಬುನಾದಿ. ದುಡಿಯುವ ಕೈಗಳು ಕನಸು ಕಂಡವು, ದಾನಿಗಳು ನೆರವಾದರು. 1870ರ ಹೊತ್ತಿಗೆ ಈಗಿನ ಕಟ್ಟಡ ಎದ್ದುನಿಂತಿತು.

ಸಮೀಪದಲ್ಲಿಯೇ ಇರುವ ಜಹಾಂಗೀರ್ ಆರ್ಟ್ ಗ್ಯಾಲರಿಯ ಕಥೆ ಕನ್ನಡಿಗರಾದ ನಮಗೆ ಹೆಮ್ಮೆ ತರುವಂಥದ್ದು. 1952ರಲ್ಲಿ ಆರಂಭವಾದ ಈ ಗ್ಯಾಲರಿಗೆ ಧನಸಹಾಯ ನೀಡಿದವರು ಸರ್ ಕಾವಸ್‌ಜೀ ಜಹಾಂಗೀರ್. ಅವರನ್ನು ಈ ಕಾರ್ಯಕ್ಕೆ ಪ್ರೇರೇಪಿಸಿದವರಲ್ಲಿ ಇಬ್ಬರ ಹೆಸರು ಮುಖ್ಯವಾಗಿ ಕೇಳಿಬರುತ್ತದೆ: ಒಬ್ಬರು ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಚಿತ್ರಕಲಾವಿದ ಕೆ. ಕೆ. ಹೆಬ್ಬಾರ್, ಇನ್ನೊಬ್ಬರು ಅಣುವಿಜ್ಞಾನಿ ಡಾ. ಹೋಮಿ ಭಾಭಾ. ಒಬ್ಬ ಕಲಾವಿದ, ಒಬ್ಬ ವಿಜ್ಞಾನಿ, ಒಬ್ಬ ದಾನಿ ಒಂದೇ ಉದ್ದೇಶಕ್ಕೆ ಕೂಡಿದರೆ ಏನಾಗಬಹುದೆಂಬುದಕ್ಕೆ ಈ ಗ್ಯಾಲರಿಯೇ ಸಾಕ್ಷಿ. ಒಳಗೆ ಸ್ಥಳ ದೊರೆಯದ ಕಲಾವಿದರು ಹೊರಗಿನ ಕಾಲುದಾರಿಯಲ್ಲಿ ತಮ್ಮ ಚಿತ್ರಗಳನ್ನು ಸಾಲಾಗಿ ಇಟ್ಟು ಪ್ರದರ್ಶಿಸುವ ಪದ್ಧತಿಯೂ ಇಲ್ಲಿಯ ವೈಶಿಷ್ಟ್ಯ.

ಎದುರಿನ ಕಾವಸ್‌ಜೀ ಜಹಾಂಗೀರ್ ಹಾಲ್ 1911ರಲ್ಲಿ ಸಾರ್ವಜನಿಕ ಸಭಾಂಗಣವಾಗಿ ನಿರ್ಮಾಣವಾದುದು. ಅದರ ವಿನ್ಯಾಸಕಾರ ಜಾರ್ಜ್ ವಿಟೆಟ್. ಗೇಟ್‌ವೇ ಆಫ್ ಇಂಡಿಯಾವನ್ನು ರೂಪಿಸಿದವರೂ ಅವರೇ. ಕಾಲಕ್ರಮೇಣ ಸೊಬಗು ಕಳೆದುಕೊಂಡಿದ್ದ ಈ ಸಭಾಂಗಣವು 1996ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿ ಮರುಹುಟ್ಟು ಪಡೆಯಿತು. ಹೊರಗಿನ ಕಲ್ಲಿನ ರೂಪವನ್ನು ಹಾಗೆಯೇ ಉಳಿಸಿ, ಒಳಭಾಗವನ್ನು ಮಾತ್ರ ಚಿತ್ರಪ್ರದರ್ಶನಕ್ಕೆ ತಕ್ಕಂತೆ ಮಾರ್ಪಡಿಸಿದ್ದು ಗಮನಾರ್ಹ.

ಇಷ್ಟೆಲ್ಲ ಸಂಸ್ಥೆಗಳು ನಡೆದುಹೋಗುವಷ್ಟು ಹತ್ತಿರದಲ್ಲಿದ್ದರೂ ಅವುಗಳ ನಡುವಿನ ಬೀದಿ ಬಹುಕಾಲ ವಾಹನ ನಿಲ್ಲಿಸುವ ಜಾಗವಷ್ಟೇ ಆಗಿತ್ತು. 1995ರಲ್ಲಿ ಪಾರಂಪರಿಕ ಕಟ್ಟಡಗಳ ರಕ್ಷಣೆಗಾಗಿ ಮುಂಬಯಿಯಲ್ಲಿ ನಿಯಮಗಳು ಜಾರಿಗೆ ಬಂದವು. 1998ರಲ್ಲಿ ಕಾಲಾ ಘೋಡಾ ಅಸೋಸಿಯೇಷನ್ ಸ್ಥಾಪನೆಯಾಗಿ, 1999ರಿಂದ ಕಲಾ ಉತ್ಸವ ಆರಂಭವಾಯಿತು. ಉತ್ಸವದ ದಿನಗಳಲ್ಲಿ ಬೀದಿ ವಾಹನಗಳಿಂದ ಮುಕ್ತವಾಗುತ್ತದೆ. ಚಿತ್ರಕಲೆ, ಸಂಗೀತ, ನಾಟಕ, ಸಾಹಿತ್ಯ, ನೃತ್ಯ, ಹಳೆಯ ಕಟ್ಟಡಗಳ ಪರಿಚಯದ ನಡಿಗೆ ಮುಂತಾದವುಗಳನ್ನು ಆಯಾ ಕ್ಷೇತ್ರದವರೇ ನಿರ್ವಹಿಸುತ್ತಾರೆ. ಉತ್ಸವಕ್ಕೆ ಬರುವ ನೆರವಿನ ಒಂದು ಪಾಲು ಪರಿಸರದ ಕಟ್ಟಡಗಳ ಜೀರ್ಣೋದ್ಧಾರಕ್ಕೆ ವಿನಿಯೋಗವಾಗುವುದು ಈ ಏರ್ಪಾಡಿನ ಉದ್ದೇಶ. ಸಮೀಪದ ಕೆನೆಸೆತ್ ಎಲಿಯಾಹೂ ಯಹೂದಿ ಪ್ರಾರ್ಥನಾ ಮಂದಿರ 2019ರಲ್ಲಿ, ಡೇವಿಡ್ ಸಸೂನ್ ಗ್ರಂಥಾಲಯ 2023ರಲ್ಲಿ ಜೀರ್ಣೋದ್ಧಾರಗೊಂಡು ಮತ್ತೆ ತೆರೆದುಕೊಂಡವು.

ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯ

ಕಾಲಾ ಘೋಡಾದ ಹಳೆಯ ಪ್ರತಿಮೆ ಸೇರಿದ ಬೈಕುಲಾದ ಉದ್ಯಾನ, ಅಂದರೆ ನಾವೆಲ್ಲ ರಾಣಿಬಾಗ್ ಎಂದು ಕರೆಯುವ ಜೀಜಾಮಾತಾ ಉದ್ಯಾನದ ಆವರಣದಲ್ಲಿಯೇ ಮುಂಬಯಿಯ ಅತ್ಯಂತ ಹಳೆಯ ವಸ್ತುಸಂಗ್ರಹಾಲಯವಿದೆ. 1862ರಲ್ಲಿ ಇದರ ಶಿಲಾನ್ಯಾಸವಾಗಿ, 1872ರ ಮೇ 2ರಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ವೈದ್ಯರೂ ಸಂಸ್ಕೃತ ವಿದ್ವಾಂಸರೂ ಆಗಿದ್ದ ಡಾ. ಭಾವು ದಾಜಿ ಲಾಡ್ ಇದಕ್ಕಾಗಿ ಅಪಾರವಾಗಿ ಶ್ರಮಿಸಿದವರು. ಅವರ ಸ್ಮರಣಾರ್ಥ 1975ರಲ್ಲಿ ಸಂಸ್ಥೆಗೆ ಅವರ ಹೆಸರನ್ನಿಡಲಾಯಿತು.

ಕಳೆದ ಶತಮಾನದ ಅಂತ್ಯದ ವೇಳೆಗೆ ಈ ಸಂಸ್ಥೆ ಶೋಚನೀಯ ಸ್ಥಿತಿ ತಲುಪಿತ್ತು. ಮಕ್ಕಳನ್ನು ಕರೆದುಕೊಂಡು ಪ್ರಾಣಿಗಳನ್ನು ನೋಡಲು ಬರುತ್ತಿದ್ದ ನಮ್ಮಂಥ ಎಷ್ಟೋ ಮಂದಿ ಈ ಕಟ್ಟಡದ ಮುಂದೆಯೇ ಹಾದುಹೋಗುತ್ತಿದ್ದೆವು; ಒಳಗೆ ಇಣುಕುತ್ತಿದ್ದವರು ವಿರಳ.

2003ರಲ್ಲಿ ಬೃಹನ್ಮುಂಬಯಿ ಮಹಾನಗರಪಾಲಿಕೆ, ಜಮ್ನಾಲಾಲ್ ಬಜಾಜ್ ಪ್ರತಿಷ್ಠಾನ ಹಾಗೂ ಇಂಟ್ಯಾಕ್ ಸಂಸ್ಥೆಯ ನಡುವೆ ತ್ರಿಪಕ್ಷೀಯ ಒಪ್ಪಂದವಾಯಿತು. ಕಟ್ಟಡದ ಒಡೆತನ ಪಾಲಿಕೆಯದ್ದು, ಪ್ರತಿಷ್ಠಾನದ್ದು ಧನಸಹಾಯ, ಇಂಟ್ಯಾಕ್‌ನದ್ದು ಸಂರಕ್ಷಣೆಯ ಪರಿಣತಿ. ಬ್ಯಾಂಕಿನಲ್ಲಿ ದುಡಿಯುವ ನನಗೆ ಈ ಒಪ್ಪಂದವೇ ಇಡೀ ಕಾರ್ಯದ ತಿರುಳೆಂದು ತೋರುತ್ತದೆ. ಯಾರು ಏನು ಕೊಡಬೇಕು, ಯಾರು ಯಾವುದಕ್ಕೆ ಉತ್ತರ ಹೇಳಬೇಕು ಎಂಬುದು ಮೊದಲೇ ಕಾಗದದ ಮೇಲೆ ಸ್ಪಷ್ಟವಾಗಿರದಿದ್ದರೆ ಎಂತಹ ಸದುದ್ದೇಶವೂ ನಡುದಾರಿಯಲ್ಲಿ ನಿಂತುಹೋಗುತ್ತದೆ.

ಸಂರಕ್ಷಣಾ ವಾಸ್ತುಶಿಲ್ಪಿ ವಿಕಾಸ್ ದಿಲಾವರಿಯವರ ತಂಡ ಕಟ್ಟಡದ ಹೊಣೆ ಹೊತ್ತರೆ, ಇಂಟ್ಯಾಕ್‌ನ ತಸ್ನೀಂ ಮೆಹತಾ ಅವರ ನೇತೃತ್ವದಲ್ಲಿ ಸಂಗ್ರಹದ ಪುನರುಜ್ಜೀವನ ನಡೆಯಿತು. ಇಂತಹ ಕಾರ್ಯದಲ್ಲಿ ಒಬ್ಬರ ವಿದ್ಯೆ ಇನ್ನೊಬ್ಬರಿಗೆ ಹೇಗೆ ಬೇಕಾಗುತ್ತದೆ ಎಂಬುದನ್ನು ತಿಳಿಯುವುದು ಉಚಿತ. ಸುಣ್ಣದ ಗಾರೆಯ ಹಳೆಯ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ಮುಂಬಯಿಯ ಮಳೆಗಾಲದ ತೇವ ಒಳಗೇ ಸಿಕ್ಕಿಬಿದ್ದು ಗೋಡೆಯನ್ನು ತಿನ್ನುತ್ತದೆ. ಆ ತೇವವೇ ಒಳಗಿರುವ ನಕ್ಷೆ, ಛಾಯಾಚಿತ್ರ, ಪುಸ್ತಕಗಳಿಗೆ ಬೂಷ್ಟು ಹಿಡಿಸುತ್ತದೆ. ಹೀಗಾಗಿ ಗಾರೆಯವನ ಕೆಲಸ ತಪ್ಪಿದರೆ ಕಾಗದ ಕಾಯುವವನ ಶ್ರಮ ವ್ಯರ್ಥ. ಗೋಡೆಯ ಮೂಲ ಬಣ್ಣ ಯಾವುದೆಂದು ತಿಳಿಯಲು ಹಳೆಯ ದಾಖಲೆ ಓದುವವರು ಬೇಕು. ಬಂಗಾರದ ರೇಕಿನ ಅಲಂಕಾರಕ್ಕೆ ನುರಿತ ಕುಶಲಕರ್ಮಿಗಳು ಬೇಕು.

2005ರಲ್ಲಿ ಯುನೆಸ್ಕೋ ಈ ಕಾರ್ಯಕ್ಕೆ ಏಷ್ಯಾ-ಪೆಸಿಫಿಕ್ ವಲಯದ ಶ್ರೇಷ್ಠತಾ ಪ್ರಶಸ್ತಿ ನೀಡಿ ಗೌರವಿಸಿತು. 2008ರಲ್ಲಿ ಸಂಗ್ರಹಾಲಯ ಜನರಿಗೆ ಮತ್ತೆ ತೆರೆಯಿತು. ನಗರದ ವಿವಿಧ ಸಮುದಾಯಗಳನ್ನೂ ಕಸುಬುಗಳನ್ನೂ ತೋರುವ ಮಣ್ಣಿನ ಪುಟ್ಟ ಗೊಂಬೆಗಳು ಇಲ್ಲಿಯ ಆಕರ್ಷಣೆ. ಹೊರಗೆ ಘಾರಾಪುರಿಯಿಂದ ತಂದ ಕಲ್ಲಾನೆಯಿದೆ. ಎಲಿಫೆಂಟಾ ಎಂಬ ಹೆಸರಿಗೆ ಕಾರಣವಾದ ಈ ಆನೆಯನ್ನು 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಹೋಗಿ ಒಡೆದರು. 1914ರಲ್ಲಿ ಅದನ್ನು ಮತ್ತೆ ಜೋಡಿಸಲಾಯಿತು.

ಸಂಗ್ರಹಾಲಯವು ಹಳೆಯದನ್ನು ಕಾಯುವುದರಲ್ಲಿಯೇ ತೃಪ್ತಿಪಡದೆ ಇಂದಿನ ಕಲಾವಿದರನ್ನೂ ಆಹ್ವಾನಿಸಿತು. ಮಂಗಳೂರಿನಲ್ಲಿ ಹುಟ್ಟಿದ ಮುಂಬಯಿಯ ಕಲಾವಿದ ಸುದರ್ಶನ್ ಶೆಟ್ಟಿಯವರ ಪ್ರದರ್ಶನ 2010ರಲ್ಲಿ ಇಲ್ಲಿ ನಡೆದುದು ಉಲ್ಲೇಖನೀಯ.

ಕಲಿಯಬೇಕಾದ ಪಾಠ

ಒಮ್ಮೆ ಜೀರ್ಣೋದ್ಧಾರವಾದರೆ ಕೆಲಸ ಮುಗಿಯಿತೆಂದು ಭಾವಿಸುವಂತಿಲ್ಲ. ಕೋವಿಡ್ ಕಾಲದಲ್ಲಿ ಮುಚ್ಚಿದ ಇದೇ ಪ್ರಶಸ್ತಿವಿಜೇತ ಕಟ್ಟಡಕ್ಕೆ ಮತ್ತೆ ದುರಸ್ತಿ ಬೇಕಾಯಿತು. ಅದು ಪುನಃ ತೆರೆದದ್ದು 2025ರ ಆರಂಭದಲ್ಲಿ. ಪ್ರತಿ ವರ್ಷದ ಮಳೆಯೂ ಹಳೆಯ ಕಟ್ಟಡಕ್ಕೆ ಹೊಸ ಪರೀಕ್ಷೆ. ಉದ್ಘಾಟನೆಗೆ ಹಣ ಕೊಡುವವರು ಸಿಗುತ್ತಾರೆ. ಚಾವಣಿಯ ಸೋರಿಕೆ ನೋಡಲು, ಕೊಳವೆ ಶುಚಿಗೊಳಿಸಲು ಹಣ ಕೊಡುವವರು ಅಪರೂಪ. ಆದುದರಿಂದ ಒಪ್ಪಂದ ಮಾಡಿಕೊಳ್ಳುವಾಗಲೇ ವಾರ್ಷಿಕ ನಿರ್ವಹಣೆಯ ಬಾಬತ್ತನ್ನು ಸೇರಿಸಿಕೊಳ್ಳುವುದು ಜಾಣತನ.

ಹೊರನಾಡ ಕನ್ನಡಿಗರು ಕಟ್ಟಿದ ಸಂಘಗಳಿಗೂ ಸಭಾಗೃಹಗಳಿವೆ, ಗ್ರಂಥಾಲಯಗಳಿವೆ, ಕಪಾಟಿನಲ್ಲಿ ಹಳೆಯ ಸ್ಮರಣ ಸಂಚಿಕೆಗಳೂ ನಾಟಕದ ಛಾಯಾಚಿತ್ರಗಳೂ ಇವೆ. ಅವುಗಳ ಹೊಣೆಯನ್ನು ಸಾಮಾನ್ಯವಾಗಿ ಕಾರ್ಯದರ್ಶಿಯೊಬ್ಬರ ಹೆಗಲಿಗೇ ಬಿಟ್ಟಿರುತ್ತೇವೆ. ನಮ್ಮ ಸದಸ್ಯರಲ್ಲಿಯೇ ಇಂಜಿನಿಯರು, ಅಧ್ಯಾಪಕರು, ಕಲಾವಿದರು, ವಕೀಲರು, ಲೆಕ್ಕಪರಿಶೋಧಕರು ಇದ್ದಾರೆ. ಅವರನ್ನು ವೇದಿಕೆಯ ಮೇಲೆ ಶಾಲು ಹೊದಿಸಿ ಸನ್ಮಾನಿಸುವುದರ ಜೊತೆಗೆ ಒಂದು ಮೇಜಿನ ಸುತ್ತ ಕುಳ್ಳಿರಿಸಿ, ಯಾರು ಯಾವುದನ್ನು ನೋಡಿಕೊಳ್ಳುತ್ತಾರೆಂದು ಬರೆದಿಟ್ಟುಕೊಂಡರೆ ನಮ್ಮ ಹಿರಿಯರು ಕೂಡಿಟ್ಟ ಸಂಪತ್ತು ಮುಂದಿನ ಪೀಳಿಗೆಗೆ ಸುರಕ್ಷಿತವಾಗಿ ತಲುಪೀತು. ರಜಾದಿನವೊಂದರಲ್ಲಿ ಓದುಗರು ಮಕ್ಕಳೊಂದಿಗೆ ಬೈಕುಲಾಕ್ಕೂ ಕಾಲಾ ಘೋಡಾಕ್ಕೂ ಹೋಗಿ ಬರಲಿ. ಈ ಮಾತಿನ ಅರ್ಥ ಅಲ್ಲಿ ಕಣ್ಣಿಗೇ ಕಾಣುತ್ತದೆ.