ಬೀಸುಕಲ್ಲಿನ ಜೋಡಿ ದನಿ

ಕನ್ನಡ ನಾಡಿನ ಹೆಂಗಸರ ಜೋಡಿಹಾಡಿಗೆ ಹಳೆಯ ರಂಗಸ್ಥಳವೆಂದರೆ ಬೀಸುಕಲ್ಲು. ಎದುರುಬದುರು ಕುಳಿತ ಇಬ್ಬರು ಒಂದೇ ಗೂಟ ಹಿಡಿದು ತಿರುಗಿಸುವರು. ಒಬ್ಬಳು ತ್ರಿಪದಿಯನ್ನೆತ್ತಿಕೊಂಡರೆ ಇನ್ನೊಬ್ಬಳು ದನಿಗೂಡಿಸುವಳು. ಕಲ್ಲಿನ ಸುತ್ತೇ ತಾಳ. ಅತ್ತೆಮನೆಯ ಅಳಲು, ತವರಿನ ಹಂಬಲ, ಬಾಯಿಬಿಟ್ಟು ಆಡಲಾಗದ ಮಾತೆಲ್ಲ ಅಲ್ಲಿ ಹಾಡಾಗುತ್ತಿತ್ತು.

ನಮ್ಮ ಕೊಡಗಿನಲ್ಲಿ ಗಂಡಸರು ದುಡಿ ಬಾರಿಸಿ ಹಾಡುವ ಪದಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲೇ ‘ಪಟ್ಟೋಲೆ ಪಳಮೆ’ಯಲ್ಲಿ ಉಳಿಸಿಕೊಟ್ಟರು. ಹೆಂಗಸರ ತ್ರಿಪದಿಗಳನ್ನು ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಪದಗಳೇನೋ ಉಳಿದವು, ಆದರೆ ಕಾಗದಕ್ಕೆ ದನಿಯುಂಟೆ?

ಅಮೆರಿಕದ ಟೆಕ್ಸಾಸಿನಲ್ಲಿದ್ದ ಮೆಕ್ಸಿಕನ್ ಮೂಲದ ಕಾರ್ಮೆನ್, ಲೌರಾ ಎಂಬ ಅಕ್ಕತಂಗಿಯರ ಭಾಗ್ಯವೇ ಬೇರೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ದೊಡ್ಡ ಕಂಪನಿಗಳು ಅವರ ಜನರ ಸಂಗೀತವನ್ನು ಕೈಬಿಟ್ಟಿದ್ದವು. ಕಾರ್ಮೆನ್‌ಳ ಗಂಡ ಅರ್ಮಾಂಡೋ ಮರೋಕಿನ್ ಯಂತ್ರವೊಂದನ್ನು ಕೊಂಡು ತಂದು, ಆಲಿಸ್ ಊರಿನ ತನ್ನ ಮನೆಯಲ್ಲೇ ಆ ಜೋಡಿ ದನಿಯನ್ನು ತಟ್ಟೆಗಿಳಿಸಿದ. 1946ರಲ್ಲಿ ಅದರಿಂದಲೇ ‘ಐಡಿಯಲ್’ ಎಂಬ ರೆಕಾರ್ಡು ಕಂಪನಿ ಬೆಳೆಯಿತು. ಅವರ ದನಿಯನ್ನು ಇಂದಿಗೂ ಕೇಳಬಹುದು.

ನಮ್ಮ ಬೀಸುಕಲ್ಲನ್ನು ಹಿಟ್ಟಿನ ಗಿರಣಿ ಮೂಲೆಗೆ ತಳ್ಳಿತು. ಆದರೂ ಅದನ್ನು ತಿರುಗಿಸುತ್ತ ಹಾಡಿದ ಅಜ್ಜಿಯರು ಕೆಲವು ಮನೆಗಳಲ್ಲಿ ಇನ್ನೂ ಇದ್ದಾರೆ. ಅರ್ಮಾಂಡೋ ಹುಡುಕಿ ತಂದ ಯಂತ್ರವೀಗ ಎಲ್ಲರ ಜೇಬಿನಲ್ಲೂ ಇದೆ. ಬೇಕಾದುದು ಅಜ್ಜಿಯ ಬಳಿ ಕುಳಿತು ಕೇಳುವ ವ್ಯವಧಾನ ಮಾತ್ರ.