ಶೇಂಗಾಕಾಯಿಯ ಸಾಕ್ಷ್ಯ

ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದರೆ ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದುದು. ಎರಡೂ ತಾಲ್ಲೂಕುಗಳ ಹೊಲಗಳಲ್ಲಿ ಮಾತ್ರ ಬೆಳೆ ಒಂದೇ, ಶೇಂಗಾ. ಅಲ್ಲಿಯ ರೈತರು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಳಗೆ ಬೀಜ ಗಲಗಲ ಎಂದರೆ ಕಾಯಿ ಒಣಗಿತೆಂದು ಅರ್ಥ. ಅರ್ಬುದರೋಗದ ಚರಿತ್ರೆಯನ್ನು ಓದಿದ ಮೇಲೆ ಆ ಸದ್ದು ನನಗೆ ಬೇರೆಯಾಗಿ ಕೇಳಿಸತೊಡಗಿತು.

ಈ ರೋಗದ ಮೂಲವನ್ನು ಅರಸಿದ ಇಬ್ಬರು ಜರ್ಮನ್ ವಿದ್ವಾಂಸರು ಎರಡು ದಾರಿ ಹಿಡಿದರು. ಬಹುಕಾಲ ಕೆರಳಿದ, ಉರಿಯೂತವಿರುವ ಅಂಗದಲ್ಲಿ ಗೆಡ್ಡೆ ಹುಟ್ಟುತ್ತದೆಂದು 1863ರಲ್ಲಿ ರುಡಾಲ್ಫ್ ವಿರ್ಶೋ ಭಾವಿಸಿದರು. ಜೀವಕೋಶದ ವರ್ಣತಂತುಗಳು ಕೆಡುವುದೇ ಕಾರಣವೆಂದು 1914ರಲ್ಲಿ ಥಿಯೊಡೋರ್ ಬೊವೆರಿ ವಾದಿಸಿದರು. ಈ ಎರಡು ದಾರಿಗಳೂ ಕೂಡುವ ಸ್ಥಳವೊಂದನ್ನು ತೋರಿಸಿಕೊಟ್ಟದ್ದು ಶೇಂಗಾಕಾಯಿ.

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಮರಿಗಳು ಸತ್ತವು. ಅವು ತಿಂದದ್ದು ಬ್ರೆಜಿಲ್‌ನಿಂದ ಬಂದ, ಬೂಷ್ಟು ಹಿಡಿದ ಶೇಂಗಾ ಹಿಂಡಿ. ಆ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಈ ವಿಷ ಹೆಚ್ಚಾಗಿದ್ದ ಚೀನಾ ಮತ್ತು ಆಫ್ರಿಕಾದ ಸೀಮೆಗಳ ಯಕೃತ್ತಿನ ಗೆಡ್ಡೆಗಳಲ್ಲಿ, ಕೋಶವನ್ನು ಕಾಯುವ ಪಿ-53 ಎಂಬ ವಂಶವಾಹಿಯು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಬದಲಾಗಿದ್ದುದು 1991ರಲ್ಲಿ ಕಂಡುಬಂತು. 1994ರಲ್ಲಿ ಷಾಂಘೈನ 18 ಸಾವಿರ ಗಂಡಸರ ಅಧ್ಯಯನವೊಂದರ ಫಲಿತಾಂಶ ಪ್ರಕಟವಾಯಿತು. ಯಕೃತ್ತಿನ ಅರ್ಬುದದ ಅಪಾಯವು ಈ ವಿಷವೊಂದರಿಂದಲೇ ಸುಮಾರು 3 ಪಟ್ಟು, ಹೆಪಟೈಟಿಸ್-ಬಿ ವೈರಸ್ ಒಂದರಿಂದಲೇ 7 ಪಟ್ಟು ಹೆಚ್ಚಿತ್ತು. ಎರಡೂ ಕೂಡಿದವರಲ್ಲಿ ಅದು ಸುಮಾರು 60 ಪಟ್ಟಾಗಿತ್ತು!

ಕಾರಣ ಹೀಗೆ: ವೈರಸ್ ನೆಲೆಸಿದ ಯಕೃತ್ತಿನಲ್ಲಿ ಉರಿಯೂತ ಆರುವುದಿಲ್ಲ. ಕೋಶಗಳು ಸಾಯುತ್ತವೆ, ಉಳಿದವು ಒಡೆದು ಒಡೆದು ಆ ಜಾಗವನ್ನು ತುಂಬುತ್ತವೆ. ವಿಷವು ವಂಶವಾಹಿಗೆ ಮಾಡಿದ ಗಾಯ ರಿಪೇರಿಯಾಗುವ ಮುನ್ನವೇ ಕೋಶ ಒಡೆದರೆ, ಆ ತಪ್ಪು ಮರಿಕೋಶಗಳಿಗೂ ಶಾಶ್ವತವಾಗಿ ಇಳಿಯುತ್ತದೆ. ರಕ್ಷಣೆಗೆಂದು ಬಂದ ಬಿಳಿಯ ರಕ್ತಕಣಗಳು ಉಗುಳುವ ದಾಹಕ ರಾಸಾಯನಿಕಗಳೂ ಹೊಸ ಗಾಯಗಳನ್ನು ಮಾಡುತ್ತವೆ.

ಕಾಯಿ ಬಲಿಯುವ ಕಾಲದಲ್ಲಿ ಮಳೆ ಕೈಕೊಟ್ಟರೆ ಬೂಷ್ಟು ಹೊಲದಲ್ಲೇ ಕಾಯಿಯನ್ನು ಹೊಕ್ಕುತ್ತದೆ. ಬರ ಈ ಸೀಮೆಗೆ ಹೊಸತಲ್ಲ. ಹುರಿದರೂ ವಿಷ ಪೂರ್ತಿ ಅಳಿಯದು. ಆದರೆ ಎರಡು ಕಾರಣಗಳು ಕೂಡಿ ಉಲ್ಬಣಿಸುವ ಈ ಅಪಾಯಕ್ಕೆ ಎರಡು ತಡೆಗಳೂ ಉಂಟು. ಬೂಷ್ಟು ಕಾಯಿಯನ್ನು ಆರಿಸಿ ಎಸೆದು ಉಳಿದುದನ್ನು ಚೆನ್ನಾಗಿ ಒಣಗಿಸುವುದು ಒಂದು. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಹೆಪಟೈಟಿಸ್-ಬಿ ಲಸಿಕೆ ಕೊಡಿಸುವುದು ಇನ್ನೊಂದು. 1984ರಲ್ಲಿ ಈ ಲಸಿಕೆಯನ್ನು ಆರಂಭಿಸಿದ ತೈವಾನಿನಲ್ಲಿ ಮಕ್ಕಳ ಯಕೃತ್ತಿನ ಅರ್ಬುದ ಇಳಿದುದು ಈಗ ಚರಿತ್ರೆಯ ಮಾತು.

ಕಿವಿಯ ಬಳಿ ಕಾಯಿ ಅಲ್ಲಾಡಿಸುವ ರೈತನಿಗೆ ವಿರ್ಶೋ, ಬೊವೆರಿಯರ ಹೆಸರು ತಿಳಿಯದಿರಬಹುದು. ಅವನು ಕೇಳಿಸಿಕೊಳ್ಳುವ ಆ ಗಲಗಲ ಸದ್ದು ಮಾತ್ರ ಇಬ್ಬರ ವಿದ್ಯೆಗೂ ಸಲ್ಲುವಂಥದು.