ದಿಲ್‌ಸುಖ್: ಬಡಾವಣೆಯಾಗಿ ಉಳಿದ ಹೆಸರು

ಹೈದರಾಬಾದ್ ಮೆಟ್ರೊದ ಕೆಂಪು ಮಾರ್ಗದಲ್ಲಿ ಎಲ್.ಬಿ. ನಗರದ ಕಡೆಗೆ ಹೊರಟವರಿಗೆ ಮೂಸಾರಾಮ್‌ಬಾಗ್ ಆದ ಮೇಲೆ ದಿಲ್‌ಸುಖ್‌ನಗರ ಸಿಗುತ್ತದೆ. ಬಟ್ಟೆ ಅಂಗಡಿ, ಕೋಚಿಂಗ್ ಸೆಂಟರ್, ಹಾಸ್ಟೆಲ್, ಸಾಯಿಬಾಬಾ ಗುಡಿ ಇವೆಲ್ಲ ಒತ್ತೊತ್ತಾಗಿರುವ ಜಾಗ ಅದು. 2013ರ ಫೆಬ್ರವರಿ 21ರ ಸಂಜೆ ಅಲ್ಲಿ ಎರಡು ಬಾಂಬ್‌ಗಳು ಸ್ಫೋಟಿಸಿ ಕನಿಷ್ಠ 17 ಜನ ಸತ್ತರು. ದೇಶದ ಎಷ್ಟೋ ಜನ ಆ ಹೆಸರನ್ನು ಮೊದಲ ಸಲ ಕೇಳಿದ್ದು ಅವತ್ತಿನ ಸುದ್ದಿಯಲ್ಲೇ. ಎದೆಗೆ ನೆಮ್ಮದಿ ಎಂಬ ಅರ್ಥದ ಹೆಸರು ಹೀಗೆ ಸಾವಿನ ವರದಿಗಳಲ್ಲಿ ಊರೂರು ತಿರುಗಿತು.

ಅದು ಮೂಲತಃ ಊರಿನ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು. ದಿಲ್‌ಸುಖ್ ರಾಮ್ ಪ್ರಸಾದ್ ಎಂಬ ಜಾಗೀರುದಾರನ ಹೊಲಗಳಿದ್ದ ನೆಲ ಮುಂದೆ ನಿವೇಶನಗಳಾಗಿ ಬಡಾವಣೆಯಾಯಿತು. ಹೊಲ ಹೋಯಿತು, ಹೊಲದ ಒಡೆಯನ ಹೆಸರು ಬಸ್ಸಿನ ಬೋರ್ಡಿಗೆ ಬಂತು. ಗಂಡುಮಗುವಿಗೆ ಈ ಹೆಸರಿಡುವುದು ಈಗ ತೀರ ಅಪರೂಪ.

ಕೇಳಿದ ಕೂಡಲೇ ಈ ಹೆಸರು ಕಲಬೆರಕೆ ಅನ್ನಿಸುತ್ತದೆ. 'ದಿಲ್' ಫಾರಸಿ, 'ಸುಖ' ಸಂಸ್ಕೃತ. ಪೂರ್ತಿ ಫಾರಸಿಯಲ್ಲೇ ಇರಬೇಕಾದರೆ 'ದಿಲ್‌ಖುಷ್' ಆಗಬೇಕಿತ್ತು. ಪೂರ್ತಿ ಸಂಸ್ಕೃತವಾದರೆ 'ಹೃದಯಾನಂದ'ದಂಥದ್ದೇನಾದರೂ. ಎರಡೂ ಬೇಡವೆಂದು ಯಾರೋ ಒಂದರಿಂದ ಅರ್ಧ, ಇನ್ನೊಂದರಿಂದ ಅರ್ಧ ತೆಗೆದುಕೊಂಡ ಹಾಗಿದೆ. ಆದರೆ ಈ ಎರಡು ಅರ್ಧಗಳ ಹಿಂದಿನ ಕಥೆ ನೋಡಿದರೆ ಕಲಬೆರಕೆ ಎಂಬ ಮಾತು ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ.

ಕನ್ನಡಿಗರಿಗೆ 'ದಸ್ತಗಿರಿ' ಗೊತ್ತು. ಪೊಲೀಸರು ಹಿಡಿದರೆ ದಸ್ತಗಿರಿ. ಅದರ ಮೂಲಾರ್ಥ ಕೈ ಹಿಡಿಯುವುದು. 'ದಸ್ತ್' ಎಂದರೆ ಫಾರಸಿಯಲ್ಲಿ ಕೈ, ಸಂಸ್ಕೃತದ 'ಹಸ್ತ'ಕ್ಕೆ ದಾಯಾದಿ. ಸಂಸ್ಕೃತದಲ್ಲಿ ಹಕಾರ ಇರುವ ಕೆಲವು ಕಡೆ ಪ್ರಾಚೀನ ಇರಾನಿನ ಅವೆಸ್ತಾ ಭಾಷೆಯಲ್ಲಿ ಜಕಾರ, ಫಾರಸಿಯಲ್ಲಿ ದಕಾರ ಬರುತ್ತದೆ. ಇನ್ನೊಂದು ಪದ 'ಪ್ರಸಕ್ತ ಸಾಲಿನ ಬಜೆಟ್' ಎನ್ನುವಾಗಿನ ಸಾಲು. ಸರದಿ ಎಂಬ ಅರ್ಥದ ಅಚ್ಚಗನ್ನಡ ಸಾಲು ಬೇರೆ. ಬಜೆಟ್ಟಿನ ಸಾಲು ವರ್ಷ ಎಂಬ ಅರ್ಥದ ಫಾರಸಿ 'ಸಾಲ್'. ಅದಕ್ಕೆ ಸಂಸ್ಕೃತದ ನಂಟ 'ಶರದ್'. ಅಂದರೆ ಅಲ್ಲಿನ 'ರ್ದ್' ಫಾರಸಿಯಲ್ಲಿ 'ಲ್' ಆಗಿದೆ.

ಈ ಎರಡು ಬದಲಾವಣೆಗಳನ್ನೂ ಒಂದೇ ಪದದಲ್ಲಿ ಕೂಡಿಸಿದರೆ 'ಹೃದ್' ಎಂಬುದರ ಫಾರಸಿ ರೂಪ 'ದಿಲ್' ಆಗುತ್ತದೆ. ಹೃದಯ ಮತ್ತು ದಿಲ್ ಒಂದೇ ಮನೆಯಲ್ಲಿ ಹುಟ್ಟಿ ಬೇರೆ ಬೇರೆ ಊರಲ್ಲಿ ಬೆಳೆದ ಪದಗಳು. ಸಾವಿರಾರು ವರ್ಷಗಳ ಮೇಲೆ ಎರಡನೆಯದು ಪರದೇಶಿಯ ವೇಷದಲ್ಲಿ ಹಿಂದುಸ್ತಾನಕ್ಕೆ ಬಂದು ತನ್ನ ನೆಂಟರ ಪಕ್ಕದಲ್ಲೇ ಕೂತಿತು.

'ಸುಖ'ದ ಕಥೆಯೂ ಸ್ವಾರಸ್ಯದ್ದೇ. ಋಗ್ವೇದದಲ್ಲಿ ಅದು ರಥಕ್ಕೆ ಹೇಳುವ ವಿಶೇಷಣ. ಮೋನಿಯರ್ ವಿಲಿಯಮ್ಸರ ನಿಘಂಟು ಕೊಡುವ ಒಂದು ವಿವರಣೆಯಂತೆ 'ಸು' ಎಂದರೆ ಚೆನ್ನಾದ, 'ಖ' ಎಂದರೆ ಚಕ್ರದ ಗುಂಬದಲ್ಲಿ ಅಚ್ಚು ಕೂರುವ ತೂತು. ತೂತು ಸರಿಯಾಗಿದ್ದರೆ ಬಂಡಿ ಕುಲುಕಾಡದೆ ಓಡುತ್ತದೆ, ಕೂತವನಿಗೆ ಹಾಯೆನಿಸುತ್ತದೆ. ಬಂಡಿಯ ಗುಣ ಕ್ರಮೇಣ ಮನಸ್ಸಿನ ಗುಣವಾಯಿತು. ದಿಲ್‌ಸುಖ್ ಎಂದರೆ ಎದೆಯ ಬಂಡಿ ಕುಲುಕದೆ ಸಾಗಲಿ ಎಂಬ ಹರಕೆ ಎಂದುಕೊಂಡರೂ ತಪ್ಪಿಲ್ಲ.

ಇಂಥ ಜೋಡಿ ಹೆಸರುಗಳು ಬೆಳೆದದ್ದು ಕಚೇರಿಗಳ ನೆರಳಿನಲ್ಲಿ. ಅಕ್ಬರನ ಕಾಲದಲ್ಲಿ ಮೊಘಲ್ ಆಡಳಿತದ ಲೆಕ್ಕಪತ್ರಗಳು ಫಾರಸಿಗೆ ಬಂದವು. ಕಾಯಸ್ಥ, ಖತ್ರಿ ಮನೆತನಗಳ ಹುಡುಗರು ಆ ಭಾಷೆ ಕಲಿತು ದಫ್ತರಗಳಲ್ಲಿ ಕೂತರು. ಹಗಲು ಫಾರಸಿಯಲ್ಲಿ ಬರೆದು, ಸಂಜೆ ಮನೆಯಲ್ಲಿ ರಾಮಾಯಣ ಕೇಳುವವರ ಮಕ್ಕಳಿಗೆ ರಾಮ್ ಬಕ್ಷ್, ದೌಲತ್ ರಾಮ್, ರೋಶನ್ ಲಾಲ್, ಖುಶಾಲ್ ಚಂದ್ ಎಂಬ ಹೆಸರುಗಳು ಬಂದವು. ರಾಮ್ ಬಕ್ಷ್ ಎಂದರೆ ರಾಮ ಕೊಟ್ಟವನು. ದೇವರು ಹಳೆಯವನೇ, ಕೊಡುವ ಕ್ರಿಯೆ ಮಾತ್ರ ಫಾರಸಿ.

1724ರಲ್ಲಿ ದಖ್ಖನ್ನಿನ ಅಧಿಕಾರ ಹಿಡಿದ ಮೊದಲ ನಿಜಾಮನ ಹಿಂದೆ ಅಂಥ ಮನೆತನಗಳೂ ಉತ್ತರದಿಂದ ಬಂದು ನೆಲೆಸಿದವು. ಮುಂದೆ ಹೈದರಾಬಾದಿನ ಪ್ರಧಾನಮಂತ್ರಿಯಾದ ಮಹಾರಾಜಾ ಕಿಶನ್ ಪ್ರಸಾದ್ ಉರ್ದು, ಫಾರಸಿಗಳಲ್ಲಿ ಕವಿತೆ ಬರೆಯುತ್ತಿದ್ದರು. ಅವರ ಹೆಸರು ಕೃಷ್ಣನದು, ಕಾವ್ಯನಾಮ 'ಶಾದ್'. ಶಾದ್ ಎಂದರೂ ಸಂತೋಷವೇ. ಗುಜರಾತಿನಲ್ಲಿ ದಿಲ್‌ಸುಖ್‌ಗೆ ಹತ್ತಿರದ ರೂಪ ದಲಸುಖ. ಜೈನ ದರ್ಶನದ ದೊಡ್ಡ ವಿದ್ವಾಂಸ ದಲಸುಖ ಮಾಲವಣಿಯಾ (1910–2000) ಆ ಹೆಸರಿನವರು. ಪಂಜಾಬಿನ ಖುಷ್ವಂತ್ ಸಿಂಗ್ ಅವರಿಗೆ ಮನೆಯವರು ಇಟ್ಟಿದ್ದು ಖುಶಾಲ್ ಎಂದು. ಅಣ್ಣ ಭಗವಂತನ ಹೆಸರಿಗೆ ಪ್ರಾಸವಾಗಲೆಂದು ಅವರೇ ಅದನ್ನು ಖುಷ್ವಂತ್ ಮಾಡಿಕೊಂಡರು. ಫಾರಸಿಯ ಖುಷಿಗೆ ಸಂಸ್ಕೃತದ 'ವಂತ' ಹತ್ತಿತು.

ಇದು ಓದುಬರಹ ಬಲ್ಲವರ ಚಟ ಮಾತ್ರ ಆಗಿರಲಿಲ್ಲ. ದಿಲ್‌ಸುಖ್‌ನಗರದ ಪಕ್ಕದ ಮೂಸಾರಾಮ್‌ಬಾಗ್ ಹೆಸರಿನಲ್ಲಿರುವುದು ನಿಜಾಮನ ಸೇನೆಯಲ್ಲಿದ್ದ ಫ್ರೆಂಚ್ ದಂಡನಾಯಕ ರೇಮಂಡ್. 'ಮುಸ್ಯೂ ರೇಮಂಡ್' ಎಂಬುದು ಜನರ ಬಾಯಲ್ಲಿ ಹಿಂದೂಗಳಿಗೆ ಮೂಸಾ ರಾಮ್, ಮುಸ್ಲಿಮರಿಗೆ ಮೂಸಾ ರಹೀಮ್ ಆಯಿತು. 1798ರಲ್ಲಿ ತೀರಿಕೊಂಡ ಅವನ ಸಮಾಧಿ ಅಲ್ಲೇ ಹತ್ತಿರದ ಗುಡ್ಡದ ಮೇಲಿದೆ.

ಕನ್ನಡನಾಡು ಈ ಕೆಲಸವನ್ನು ತನ್ನದೇ ರೀತಿಯಲ್ಲಿ ಮಾಡಿತು. 1347ರಲ್ಲಿ ಬಹಮನಿ ರಾಜ್ಯ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡಾಗಿನಿಂದ ಫಾರಸಿ ಇಲ್ಲಿಯ ಆಡಳಿತದ ಭಾಷೆ. ಬೀದರ, ಕಲಬುರಗಿ, ರಾಯಚೂರು 1948ರವರೆಗೂ ನಿಜಾಮನ ಆಳ್ವಿಕೆಯಲ್ಲಿದ್ದವು. ಆದರೆ ಇಲ್ಲಿಯ ಹೆಸರುಗಳು ದಫ್ತರಕ್ಕಿಂತ ಹೆಚ್ಚಾಗಿ ದರ್ಗಾ, ಮಠ, ಮೊಹರಂ ಹಬ್ಬದ ದಾರಿಯಿಂದ ಬಂದವು. ಫಕೀರಪ್ಪ, ಹುಸೇನಪ್ಪ, ಸಾಹೇಬಗೌಡ: ಉತ್ತರ ಕರ್ನಾಟಕದಲ್ಲಿ ಇವು ಹಿಂದೂ ಮನೆಗಳ ಹೆಸರುಗಳು. ಹರಕೆ ಫಲಿಸಿ ಹುಟ್ಟಿದ ಮಗನಿಗೆ ಹರಕೆ ಹೊತ್ತ ಜಾಗದ ಹೆಸರು. ಗದಗ ಜಿಲ್ಲೆಯ ಶಿರಹಟ್ಟಿಯ ಫಕೀರೇಶ್ವರ ಮಠದ ಸ್ವಾಮಿಗಳ ಹೆಸರಿನಲ್ಲೇ 'ಫಕೀರ' ಇದೆ. ದಿಲ್‌ಸುಖ್‌ನಲ್ಲಿ ಬೆರೆತಂತೆ ಇಲ್ಲೂ ಎರಡು ನುಡಿಗಳು ಬೆರೆತಿವೆ. ಅರಬ್ಬಿಯ ಬಡತನಕ್ಕೆ ಕನ್ನಡದ 'ಅಪ್ಪ' ಸೇರಿದರೆ ಫಕೀರಪ್ಪ.

ಮಗುವಿಗೆ ಹೆಸರು ಹುಡುಕುವ ಎಷ್ಟೋ ತಂದೆತಾಯಿಗಳು ಈಗ ಎರಡು ಪ್ರಶ್ನೆ ಕೇಳುತ್ತಾರೆ: ಬೇರೆ ಯಾರೂ ಇಟ್ಟಿರಬಾರದು, ಅಪ್ಪಟ ಸಂಸ್ಕೃತವಾಗಿರಬೇಕು. ಮೊದಲನೆಯದಕ್ಕೆ ದಿಲ್‌ಸುಖ್ ಒಪ್ಪುತ್ತದೆ. ಎರಡನೆಯದರಲ್ಲಿ ಅದು ಸೋಲುತ್ತದೆ, ಫಕೀರಪ್ಪನೂ ಸೋಲುತ್ತಾನೆ. ಇಂಥ ಹೆಸರುಗಳು ಮನೆಯ ಹಿರಿಯರ ಜೊತೆಗೆ ಮರೆಯಾದಾಗ ಬರೀ ಒಂದು ಶಬ್ದ ಹೋಗುವುದಿಲ್ಲ. ಯಾವ ಅಜ್ಜಿ ಯಾವ ದರ್ಗಾಕ್ಕೆ ನಡೆದು ಹೋಗಿ ಹರಕೆ ಹೊತ್ತಿದ್ದಳು, ಯಾವ ಅಜ್ಜ ಯಾವ ಭಾಷೆಯಲ್ಲಿ ಅನ್ನ ಸಂಪಾದಿಸಿದ್ದ ಎಂಬ ದಾಖಲೆಯೂ ಹೋಗುತ್ತದೆ. ಬಹಳಷ್ಟು ಮನೆಗಳಲ್ಲಿ ಅದನ್ನು ಬೇರೆಲ್ಲೂ ಯಾರೂ ಬರೆದಿಟ್ಟಿಲ್ಲ.

ಅಪ್ಪಟತನದ ಈ ತಕ್ಕಡಿಯಾದರೂ ನಂಬಿಕೆಯದಲ್ಲ. ಅದು 'ಹೃದಯ'ವನ್ನು ಒಳಗೆ ಬಿಟ್ಟು ಅದರ ಒಡನಾಡಿ 'ದಿಲ್'ಅನ್ನು ಹೊರಗೆ ನಿಲ್ಲಿಸುತ್ತದೆ. ಹೆಸರು ತಿರಸ್ಕರಿಸಿದವರೇ ಅರ್ಜಿ ಬರೆಯುತ್ತಾರೆ, ಜಮೀನಿನ ದಾಖಲೆ ತೆಗೆಸುತ್ತಾರೆ, ಮಗು ಹುಟ್ಟಿತೆಂದು ಖುಷಿಪಡುತ್ತಾರೆ. ಅರ್ಜಿ, ಜಮೀನು, ದಾಖಲೆ, ಖುಷಿ ಎಲ್ಲವೂ ಅರಬ್ಬಿ, ಫಾರಸಿಗಳಿಂದ ಬಂದವೇ. ಬೆಂಗಳೂರಿನ ಬೇಕರಿಯಲ್ಲಿ ದಿಲ್‌ಪಸಂದ್ ಕೇಳುವಾಗ ಅದು ಯಾವ ಭಾಷೆಯದೆಂದು ಯಾರೂ ವಿಚಾರಿಸುವುದಿಲ್ಲ. ತಿನ್ನುವವರಿಗೆ ಅದು ಕೊಬ್ಬರಿ ತುಂಬಿದ ಸಿಹಿ, ಅಷ್ಟೆ.